ಹಾಡೋರು ಯಾರು, ಸಾಥ್ ಯಾರದು? ರಾಯಚೂರಿನಲ್ಲಿ ಕ್ವಾರ್ಟೆಟ್ ಕೇಳಿದ ನನ್ನ ಅನುಭವ

ರಾಯಚೂರಿನಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್ ಕೇಳೋಕೆ ಒಳ್ಳೆಯ ಕಾಲ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಆಗ ಫ್ಯಾನ್ ಬೇಡ, ಕೂಲರ್ ಬೇಡ. ಈ ಸಂಗೀತದಲ್ಲಿ ಇರೋದು ನಾಲ್ಕೇ ವಾದ್ಯ: ಎರಡು ವಯಲಿನ್, ಒಂದು ವಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು), ಒಂದು ಚೆಲೊ (ಇನ್ನೂ ದೊಡ್ಡದು, ಎಲ್ಲಕ್ಕಿಂತ ತಗ್ಗು ದನಿ). ಒಮ್ಮೊಮ್ಮೆ ನಾಲ್ವರೂ ಎಷ್ಟು ಮೆಲ್ಲಗೆ ನುಡಿಸುತ್ತಾರೆ ಅಂದರೆ ಕೂಲರ್ ಸದ್ದು ಅವರನ್ನು ಪೂರ್ತಿ ನುಂಗಿಬಿಡುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಾನು ಹಂಗೇರಿಯ ರಚನೆಕಾರ ಬಾರ್ಟೋಕ್‌ನ ನಾಲ್ಕನೇ ಕ್ವಾರ್ಟೆಟ್ ಹಾಕುತ್ತೇನೆ. 1928ರಲ್ಲಿ ಬರೆದದ್ದು. ಅದರ ನಾಲ್ಕನೇ ಭಾಗದಲ್ಲಿ ಯಾರೂ ಕಮಾನು ಬಳಸುವುದಿಲ್ಲ, ಎಲ್ಲರೂ ತಂತಿ ಮೀಟುತ್ತಾರೆ. ಕೆಲವು ಕಡೆ ತಂತಿಯನ್ನು ಜೋರಾಗಿ ಎಳೆದು ಬಿಡುತ್ತಾರೆ, ಅದು ಕೆಳಗಿನ ಕಟ್ಟಿಗೆಗೆ ಚಟ್ ಅಂತ ಬಡಿಯುತ್ತದೆ. ಆ ಸದ್ದು ಕೂಲರ್‌ಗೆ ಜಗ್ಗುವುದಿಲ್ಲ.

ದೊಡ್ಡ ಸ್ಪೀಕರ್ ಬೇಕಿಲ್ಲ. ಚೆಲೊದ ಅತಿ ಕೆಳಗಿನ ತಂತಿ ಸುಮಾರು 65 ಹರ್ಟ್ಸ್. ಕಪಾಟಿನ ಮೇಲೆ ಇಡುವ ಒಂದು ಜೊತೆ ಒಳ್ಳೆಯ ಸ್ಪೀಕರ್ ಅಷ್ಟನ್ನು ಮುಟ್ಟುತ್ತವೆ. ಮೊಬೈಲ್‌ನ ಸ್ಪೀಕರ್ ಮಾತ್ರ ಬೇಡ. ಅದರಲ್ಲಿ ಚೆಲೊ ಇದ್ದೂ ಇಲ್ಲದಂತೆ. ಎರಡು ಸ್ಪೀಕರ್‌ಗಳನ್ನು ಸ್ವಲ್ಪ ದೂರ ದೂರ ಇಟ್ಟು ನಡುವೆ ಕೂತರೆ ಸಾಮಾನ್ಯವಾಗಿ ಮೊದಲ ವಯಲಿನ್ ಎಡಗಡೆ ಕೇಳುತ್ತದೆ, ಬಲಗಡೆ ಚೆಲೊ ಇಲ್ಲವೇ ವಯೋಲಾ. ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ಕಿವಿ ಬೆಳೆದದ್ದು ಹಿಂದೂಸ್ತಾನಿಯಲ್ಲಿ. ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಮನೆಯಲ್ಲಿ ದಿನಾ ಇರುತ್ತಿತ್ತು. ಅಂಥ ಕಿವಿ ಮೊದಲು ಹುಡುಕೋದು ತಂಬೂರಿಯನ್ನು, ಆಮೇಲೆ ಹಾಡುವವರನ್ನು. ಭಜನಾ ಸಂಘದಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುವ ಹಿರಿಯರೊಬ್ಬರು ಒಂದು ಸಂಜೆ ನಮ್ಮ ಮನೆಯಲ್ಲಿ ಕ್ವಾರ್ಟೆಟ್ ಕೇಳುತ್ತಾ ಕೇಳಿಯೇಬಿಟ್ಟರು: "ತಮ್ಮಾ, ಇದ್ರಾಗ ಹಾಡೋರು ಯಾರು, ಸಾಥ್ ಕೊಡೋರು ಯಾರು?"

ಸರಿಯಾದ ಪ್ರಶ್ನೆ ಅದು. ಕ್ವಾರ್ಟೆಟ್‌ನಲ್ಲಿ ಆ ಉತ್ತರ ಬದಲಾಗುತ್ತಲೇ ಇರುತ್ತದೆ. ಈಗ ಸಾಥ್ ಕೊಡುತ್ತಿದ್ದವರು ಮುಂದಿನ ಗಳಿಗೆಯಲ್ಲಿ ತಾವೇ ಹಾಡುತ್ತಾರೆ. ಷಡ್ಜವೂ ಒಂದೇ ಕಡೆ ನಿಲ್ಲುವುದಿಲ್ಲ. ಅದಕ್ಕೇ ನಾನು ಶುರು ಮಾಡಿದ್ದು ಹದಿನೆಂಟನೇ ಶತಮಾನದ ರಚನೆಕಾರ ಹೈಡನ್‌ನಿಂದ. 1781ರ ಓಪಸ್ 33ರ (ಓಪಸ್ ಅಂದರೆ ಕೃತಿಯ ಸಂಖ್ಯೆ) ಎರಡನೇ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಮೊದಲ ವಯಲಿನ್ನೇ ಹಾಡುವವರು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕೊನೆಯಲ್ಲಿ ಹೈಡನ್ ಆ ಹಾಡನ್ನು ತುಂಡು ತುಂಡು ಮಾಡಿ ನಡುವೆ ಮೌನ ಇಡುತ್ತಾನೆ. ಮುಗೀತು ಅಂದುಕೊಂಡಾಗ ಮತ್ತೆ ಮೊದಲ ಸಾಲು ಮೆಲ್ಲಗೆ ಬರುತ್ತದೆ. ಮಕ್ಕಳಿಗೆ ಕೇಳಿಸಿ ನೋಡಿ, ಖುಷಿಪಡುತ್ತಾರೆ.

ಆಮೇಲೆ ಒಂದು ಅಭ್ಯಾಸ ಹಾಕಿಕೊಂಡೆ: ಒಂದೇ ಭಾಗವನ್ನು ಮತ್ತೆ ಮತ್ತೆ ಕೇಳೋದು, ಪ್ರತಿ ಸಲ ಒಂದೊಂದು ವಾದ್ಯದ ಹಿಂದೆ ಹೋಗೋದು. ಚೆಲೊ ಹಿಡಿಯೋದು ಸುಲಭ. ಕಷ್ಟ ವಯೋಲಾದ್ದು. ಅದು ನಡುವೆ ಅಡಗಿರುತ್ತದೆ. ಆದರೆ ವಯೋಲಾ ಕೇಳಲು ಬಂದ ದಿನವೇ ಕ್ವಾರ್ಟೆಟ್ ಕೇಳಲು ಬಂತು ಅಂತ ನಾನು ಹೇಳುತ್ತೇನೆ. ಮೊಜಾರ್ಟ್ ಕೂಡ ಗೆಳೆಯರ ಜೊತೆ ಕ್ವಾರ್ಟೆಟ್‌ಗೆ ಕೂತಾಗ ವಯೋಲಾ ನುಡಿಸುತ್ತಿದ್ದ.

ಈ ಅಭ್ಯಾಸಕ್ಕೆ ಮೊಜಾರ್ಟ್ 1785ರಲ್ಲಿ ಮುಗಿಸಿದ ಕೆ. 465 (ಅವನ ಕೃತಿಗಳ ಪಟ್ಟಿಯ ಸಂಖ್ಯೆ) ಕ್ವಾರ್ಟೆಟ್‌ನ ಆರಂಭಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ನಾಲ್ವರೂ ಒಬ್ಬೊಬ್ಬರಾಗಿ ಬರುತ್ತಾರೆ. ಚೆಲೊ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತದೆ. ಅದನ್ನೇ ಸಾ ಅಂದುಕೊಳ್ಳಿ. ವಯೋಲಾ ಕೋಮಲ ಧೈವತದಲ್ಲಿ ಬರುತ್ತದೆ, ಎರಡನೇ ವಯಲಿನ್ ಕೋಮಲ ಗಾಂಧಾರದಲ್ಲಿ. ಆ ಕೋಮಲ ಧೈವತ ಇನ್ನೂ ಕಿವಿಯಲ್ಲಿ ಇರುವಾಗಲೇ ಮೊದಲ ವಯಲಿನ್ ಮೇಲಿನಿಂದ ಶುದ್ಧ ಧೈವತ ಹಿಡಿದು ಬರುತ್ತದೆ. ಮೈ ಜುಮ್ ಅನ್ನುತ್ತದೆ. ನಮ್ಮ ಸ್ವರಜ್ಞಾನ ಇಲ್ಲಿ ಅಡ್ಡಿ ಅಲ್ಲ, ಆಸ್ತಿ.

ಇಷ್ಟು ಆದಮೇಲೆ ಬೀಥೋವನ್‌ಗೆ ಬಂದೆ. 1825ರಲ್ಲಿ ದೊಡ್ಡ ಕಾಯಿಲೆಯಿಂದ ಎದ್ದಮೇಲೆ ಅವನು ದೇವರಿಗೆ ಕೃತಜ್ಞತೆ ಹೇಳಿ ಒಂದು ನಿಧಾನದ ಭಾಗ ಬರೆದ. ಓಪಸ್ 132ರ ಮೂರನೇ ಭಾಗ ಅದು, ಸಾಮಾನ್ಯವಾಗಿ 15 ನಿಮಿಷಕ್ಕೂ ಜಾಸ್ತಿ. ಚರ್ಚಿನ ಹಳೆಯ ಲಿಡಿಯನ್ ಸ್ವರಶ್ರೇಣಿಯಲ್ಲಿದೆ ಅಂತ ಅವನೇ ಬರೆದಿದ್ದಾನೆ. ಅಂದರೆ ಮಧ್ಯಮ ಒಂದು ತೀವ್ರ, ಉಳಿದದ್ದೆಲ್ಲ ಶುದ್ಧ. ಕಲ್ಯಾಣ ಥಾಟ್‌ನ ಸ್ವರಗಳೇ!

ಆದರೆ ಸುಮ್ನೆ ಕೇಳಿದರೆ ಹಾಗೆ ಕೇಳಿಸುವುದಿಲ್ಲ. ಕಿವಿ ಬಿಳಿ ಒಂದನ್ನು (ಪೇಟಿಯ ಆ ಬಿಳಿ ಮನೆ, ಪಾಶ್ಚಾತ್ಯರ C) ಸಾ ಅಂತ ಹಿಡಿಯುತ್ತದೆ, ಆಗ ಎಲ್ಲ ಸ್ವರವೂ ಶುದ್ಧವಾಗಿರುವ ಬಿಲಾವಲ್ ಆಗಿಬಿಡುತ್ತದೆ. ಆ ಹಿರಿಯರು ಪೇಟಿ ತರಿಸಿ, ಬಿಳಿ ನಾಲ್ಕನ್ನು (F) ಮೆಲ್ಲಗೆ ಒತ್ತಿ ಹಿಡಿದು ಜೊತೆಗೆ ಕೇಳಿದರು. "ಈಗ ನೋಡು, ತೀವ್ರ ಮಧ್ಯಮ ಬಂತು" ಅಂದರು. ಇದು ಕಲ್ಯಾಣ ಥಾಟ್‌ನ ಯಮನ್ ರಾಗ ಅಲ್ಲ, ಚಲನೆ ಬೇರೆ, ನಾಲ್ಕು ದನಿ ಒಟ್ಟಿಗೆ ಸಾಗುವ ಪ್ರಾರ್ಥನೆ. ನಡುನಡುವೆ "ಹೊಸ ಶಕ್ತಿ ಬಂತು" ಅನ್ನುವ ಬೇರೆ ಶ್ರುತಿಯ ಚುರುಕು ಭಾಗವೂ ಬರುತ್ತದೆ. ಅಲ್ಲಿ ಪೇಟಿ ಬಿಡಲೇಬೇಕು. ಆದರೂ ಮೊದಲ ಸಲ ಒಳಗೆ ಹೋಗಲು ಆ ಬಿಳಿ ನಾಲ್ಕು ನಮಗೆ ಬಾಗಿಲು ತೆರೆಯಿತು.

ಇವುಗಳ ಸ್ಕೋರ್ (ನಾಲ್ಕೂ ವಾದ್ಯಗಳ ಸ್ವರ ಬರೆದ ಹಾಳೆ) ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಹಕ್ಕು ಯಾವಾಗಲೋ ಮುಗಿದಿದೆ. ಪಾಶ್ಚಾತ್ಯ ನೊಟೇಶನ್ ಪೂರ್ತಿ ಓದಲು ಬರದಿದ್ದರೂ ನಾಲ್ಕು ಸಾಲುಗಳಲ್ಲಿ ಯಾವುದು ಏರಿತು, ಯಾವುದು ನಿಂತಿತು ಅಂತ ಕಣ್ಣಿಗೆ ಕಾಣುತ್ತದೆ. ಹಾಗೇ ರೆಕಾರ್ಡಿಂಗ್‌ನಲ್ಲಿ ಉಸಿರು ಎಳೆಯುವ ಸದ್ದು ಕೇಳಿದರೆ ಬೇಸರ ಬೇಡ. ಕೈ ಬೀಸಿ ನಡೆಸುವ ಕಂಡಕ್ಟರ್ ಇಲ್ಲಿ ಇರುವುದಿಲ್ಲ. ಆ ಉಸಿರೇ ಉಳಿದವರಿಗೆ ಸನ್ನೆ.

ಯಾರ ರೆಕಾರ್ಡಿಂಗ್? ಓಪಸ್ 132ಕ್ಕೆ ನಾನು ಎರಡನ್ನು ಪಕ್ಕ ಪಕ್ಕ ಕೇಳುತ್ತೇನೆ. ಬುಷ್ ಕ್ವಾರ್ಟೆಟ್ ಅನ್ನುವ ತಂಡದವರದು 1930ರ ದಶಕದ್ದು. ಆಗಿನ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ಅಷ್ಟು ಉದ್ದದ ಭಾಗವನ್ನು ತುಂಡು ಮಾಡಿಯೇ ನುಡಿಸಬೇಕಿತ್ತು. ಆದರೂ ಎಲ್ಲೂ ಎಳೆ ಕಡಿದಂತೆ ಅನ್ನಿಸುವುದಿಲ್ಲ. ಇನ್ನೊಂದು ಕ್ವಾರ್ಟೆಟ್ಟೊ ಇಟಾಲಿಯಾನೊ ತಂಡದವರದು, 1960ರ ದಶಕದ್ದು. ದನಿ ತಿಳಿ, ಸ್ಟೀರಿಯೊ ಇರುವುದರಿಂದ ನಾಲ್ವರೂ ಬೇರೆ ಬೇರೆಯಾಗಿ ಕೇಳಿಸುತ್ತಾರೆ. ಒಂದನ್ನೇ ಇಟ್ಟುಕೋ ಅಂದರೆ ನಾನು ಬುಷ್ ಅವರದನ್ನು ಇಟ್ಟುಕೊಳ್ಳುತ್ತೇನೆ. ಹೊಸಬರಿಗೆ ಕೊಡೋದು ಮಾತ್ರ ಇಟಾಲಿಯಾನೊ ಅವರದನ್ನೇ. ಅದರಲ್ಲಿ ವಯೋಲಾ ಬೇಗ ಸಿಗುತ್ತದೆ.