ಆಲೆಮನೆ ಗೋಡೆಯ ಮೇಲೆ ವಾರದ ಹವಾಮಾನ

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ. ಕಬ್ಬು ಅರೆದು ಉಳಿಯುವ ರಚ್ಚೇ ನಮ್ಮ ಒಲೆಗೆ ಸೌದೆ. ಅದು ಬಿಸಿಲಲ್ಲಿ ಗರಿಗರಿಯಾಗಿ ಒಣಗಬೇಕು. ನೆನೆದ ರಚ್ಚು ಹಾಕಿದರೆ ಬರೀ ಹೊಗೆ, ಉರಿ ಏಳುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಹೊತ್ತಿಗೆ ಸರಿಯಾಗಿ ಪಾಕಕ್ಕೆ ಬಾರದೆ ಬೆಲ್ಲ ಕಪ್ಪಾಗುತ್ತದೆ.

ಒಂದು ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ನಮ್ಮಲ್ಲಿ ಮೂರು ದಿನ ಜಡಿಮಳೆ ಹಿಡಿಯಿತು. ಹರಡಿದ್ದ ರಚ್ಚೆಲ್ಲ ತೊಯ್ದು ಒಂದು ವಾರ ಒಲೆ ಹತ್ತಲಿಲ್ಲ, ಕಡಿದ ಕಬ್ಬು ಬದುವಿನಲ್ಲೇ ಒಣಗಿತು. ಎರಡು ದಿನ ಮೊದಲೇ ರೇಡಿಯೊದಲ್ಲಿ ಹೇಳಿದ್ದರು. 'ದಕ್ಷಿಣ ಒಳನಾಡು' ಅಂದರೆ ನಮ್ಮೂರೂ ಸೇರಿತು ಎಂಬುದು ನನಗೆ ಹೊಳೆದಿರಲಿಲ್ಲ. ಆ ಭಾಷೆಯನ್ನು ನಮ್ಮ ಊರಿಗೆ ಇಳಿಸಿ ಹೇಳುವವರು ಬೇಕು ಅನ್ನಿಸಿದ್ದು ಆಗಲೇ.

ಮೊದಲು ಮಳೆ ಅಳೆಯಲು ಕಲಿತೆ. ತಳದಿಂದ ಬಾಯಿಯವರೆಗೆ ಒಂದೇ ಅಗಲದ ಡಬ್ಬ, ಒಂದು ಸ್ಕೇಲು, ಇಷ್ಟೇ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಬಯಲಿಗೆ ಇಟ್ಟೆ. ಹವಾಮಾನ ಇಲಾಖೆಯವರ ಹಾಗೆ ಬೆಳಗ್ಗೆ 8.30ಕ್ಕೆ ನೋಡಿ ಬರೆಯುತ್ತೇನೆ. ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನೂ ಬಿಡುವುದಿಲ್ಲ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು ಎಂದು ಹೇಳಿದ ಮೇಲೆ ನಮ್ಮ ಆಳುಗಳೂ ಡಬ್ಬ ನೋಡತೊಡಗಿದರು.

ಆಮೇಲೆ ಆಲೆಮನೆ ಗೋಡೆಗೆ ಕರಿಹಲಗೆ ಹಾಕಿ ಭಾನುವಾರ ಸಂಜೆ ವಾರದ ಮುನ್ಸೂಚನೆ ಬರೆಯತೊಡಗಿದೆ. ಒಮ್ಮೆ 'ಮಂಗಳವಾರ ಮಳೆ' ಎಂದಷ್ಟೇ ಬರೆದೆ. ಪಕ್ಕದ ಊರಿನವರೊಬ್ಬರು ಅದನ್ನು ನಂಬಿ ರಾಗಿ ಒಕ್ಕಣೆ ನಿಲ್ಲಿಸಿಕೊಂಡರು. ಮರುದಿನ ಬಂದು, "ಏನಣ್ಣ, ಮಳೆ ಅಂತ ಬರ್ದಿದ್ದೆ, ನಮ್ ಕಡೆ ಒಂದ್ ಹನಿನೂ ಉದುರ್ಲಿಲ್ವಲ್ಲ?" ಅಂದರು. ನಮ್ಮ ಡಬ್ಬದಲ್ಲಿ 18 ಮಿ.ಮೀ. ಇತ್ತು. ಅವರ ಒಂದು ದಿನದ ಕೆಲಸ ನನ್ನಿಂದ ಕೆಟ್ಟಿತಲ್ಲ ಎಂದು ಬಹಳ ನೊಂದುಕೊಂಡೆ.

ಇಲಾಖೆಯ ಮಾತಿನ ತೂಕ ತಿಳಿದದ್ದು ಅದಾದ ಮೇಲೆ. 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ ಮಳೆ. 'ಕೆಲವು ಕಡೆ' ಅಂದರೆ 26ರಿಂದ 50, 'ಹಲವು ಕಡೆ' ಅಂದರೆ 51ರಿಂದ 75, 'ಬಹುತೇಕ ಎಲ್ಲ ಕಡೆ' ಅಂದರೆ ಅದಕ್ಕೂ ಹೆಚ್ಚು. 'ಭಾರಿ ಮಳೆ'ಯೂ ಬಾಯಿಮಾತಲ್ಲ, ದಿನಕ್ಕೆ 64.5 ಮಿ.ಮೀ. ದಾಟಿದರೆ ಮಾತ್ರ ಆ ಹೆಸರು. ಈಗ ಈ ಮಾತುಗಳನ್ನು ಹಾಗೆಹಾಗೇ ಬರೆದು, ಪಕ್ಕದಲ್ಲಿ ಹೊತ್ತನ್ನೂ ಹಾಕುತ್ತೇನೆ. ಮೊದಲ ಮೂರು ದಿನದ್ದನ್ನು ಬಿಡಿಸಿ ಬರೆಯುತ್ತೇನೆ. ಐದನೇ ದಿನದಿಂದಾಚೆಗೆ 'ಮೋಡ ಹೆಚ್ಚಬಹುದು' ಎನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ವರದಿ ನೋಡಿ ತಿದ್ದುತ್ತೇನೆ.

ನಮ್ಮ ಸೀಮೆಗೆ ಮುಂಗಾರು ಅಷ್ಟಾಗಿ ಒಲಿಯುವುದಿಲ್ಲ. ಪಡುವಣ ಗಾಳಿಯ ನೀರನ್ನೆಲ್ಲ ಘಟ್ಟವೇ ಹಿಂಡಿಕೊಂಡು ಬಿಡುತ್ತದೆ, ಜುಲೈನಲ್ಲಿ ನಮಗೆ ಉಳಿಯುವುದು ಗಾಳಿ, ಮೋಡ, ಜಿಟಿಜಿಟಿ ಹನಿ. ಆದರೂ ಹಲಗೆ ಮುಂದೆ ಅತಿ ಹೆಚ್ಚು ಜನ ನಿಲ್ಲುವುದು ಅದೇ ತಿಂಗಳು. "ಕೊಡಗಲ್ಲಿ ಹೆಂಗೈತೆ?" ಎಂದೇ ಎಲ್ಲರೂ ಕೇಳುವುದು. ಭಾಗಮಂಡಲದ ಕಡೆ ಹುಯ್ದರೆ ಕನ್ನಂಬಾಡಿ ಕಟ್ಟೆ ಏರುತ್ತದೆ. ಕಟ್ಟೆ ತುಂಬಿ 124.80 ಅಡಿ ಮುಟ್ಟಿದರೆ ನಾಲೆಯಲ್ಲಿ ನೀರು ಬಂತು, ಭತ್ತದ ನಾಟಿ ಆಯಿತು. ಹಾಗಾಗಿ ಆ ದಿನಗಳಲ್ಲಿ ಹಲಗೆಯ ಅರ್ಧ ಭಾಗ ಕೊಡಗಿಗೇ ಮೀಸಲು.

ನಮ್ಮ ನೆಲದ ಮೇಲೆ ನಿಜವಾದ ಮಳೆ ಅಂದರೆ ಮೇ ತಿಂಗಳ ಕೃತ್ತಿಕೆಯ ಹೊತ್ತಿನದು, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಹಸ್ತೆ, ಚಿತ್ತೆಯವು. ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಮೈ ಅಂಟುವ ಸೆಕೆ, ನಾಲ್ಕರ ಮೇಲೆ ಹೂಕೋಸಿನಂತೆ ಮೇಲೇಳುವ ಮೋಡ. ಅದರ ನೆತ್ತಿ ಚಪ್ಪಟೆಯಾಗಿ ಹರಡಿತೋ, ಗುಡುಗು ಬಂತೆಂದೇ ಲೆಕ್ಕ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸುತ್ತೇನೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಕಬ್ಬು ಕಡಿಯುವವರನ್ನು ಕೂಗಿ ಕಟ್ಟಡದೊಳಕ್ಕೆ ಕರೆಸುತ್ತೇನೆ. ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಯಾರನ್ನೂ ಗದ್ದೆಗೆ ಬಿಡುವುದಿಲ್ಲ. ಕೂಲಿಯ ಹೊತ್ತು ಹೋಗುತ್ತದೆಂದು ಅವರು ಗೊಣಗಿದಾಗ, ಆ ಅರ್ಧ ಗಂಟೆಯ ಕೂಲಿ ನನ್ನದು ಎಂದು ಹೇಳಿಬಿಟ್ಟಿದ್ದೇನೆ.

ಚಳಿಗಾಲದ ಮಂಜಿನದು ಬೇರೆ ಲೆಕ್ಕ. ಆಕಾಶ ತಿಳಿಯಾಗಿ, ಗಾಳಿ ಆಡದ ರಾತ್ರಿ ನೆಲ ಬೇಗ ತಣಿದು ನಾಲೆ ಬಯಲಲ್ಲಿ ಮಂಜು ಕೂರುತ್ತದೆ. ಅಂಥ ಬೆಳಗ್ಗೆ ರಚ್ಚು ಹರಡಿದರೆ ಇಬ್ಬನಿ ಕುಡಿಯುತ್ತದೆ. ಒಂಬತ್ತರ ಮೇಲೆ ಹರಡುವುದು ಲೇಸು. ಚಂದ್ರ ಗುಡಿ ಕಟ್ಟಿದರೆ ಮಳೆ ಎನ್ನುತ್ತಿದ್ದರು ನಮ್ಮಜ್ಜಿ. ಅದು ಬಲು ಎತ್ತರದ ತೆಳುಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗಿ ಮೂಡುವ ಬಳೆ. ನನ್ನ ಪುಸ್ತಕದಲ್ಲಿ ಅದರ ಹಿಂದೆ ಮಳೆ ಬಂದದ್ದೂ ಇದೆ, ಬಾರದ್ದೂ ಇದೆ. ಆದರೆ ಗುಡಿ ಕಂಡ ರಾತ್ರಿ ಕೊಲ್ಲಿಯಲ್ಲಿ ಏನಾಗುತ್ತಿದೆ ಎಂದು ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡದೆ ಮಲಗುವುದಿಲ್ಲ.

ಹೋದ ಚಿತ್ತೆ ಮಳೆಯಲ್ಲಿ ಬರೆದ ಹಲಗೆ ಹೀಗಿತ್ತು: 'ಸೋಮ, ಮಂಗಳ: ಸಂಜೆ ನಾಲ್ಕರ ಮೇಲೆ ಕೆಲವು ಕಡೆ ಗುಡುಗು ಮಳೆ. ಒಕ್ಕಣೆ ಮಧ್ಯಾಹ್ನದೊಳಗೆ ಮುಗಿಸಿ. ಬುಧ: ಒಂದೆರಡು ಕಡೆ. ಗುರುವಾರದಿಂದ ಮೋಡ, ಮಂಗಳವಾರ ಸಂಜೆ ಮತ್ತೆ ಬಂದು ನೋಡಿ. ನಮ್ಮ ಡಬ್ಬದಲ್ಲಿ ಕಳೆದ ವಾರ: 41 ಮಿ.ಮೀ.'