ಕ್ಯಾಪ್ಚಾ ತೆಗೆದರೂ ಒಟಿಪಿ ಬಿಲ್ ಇಳಿಯಿತು

ಪತ್ತಿನ ಸಹಕಾರ ಸಂಘವೊಂದರ ಸದಸ್ಯರ ಪೋರ್ಟಲ್‌ನಿಂದ ಚಿತ್ರದ ಕ್ಯಾಪ್ಚಾ (ಬಂದಿರುವುದು ಮನುಷ್ಯರೋ ಬಾಟ್ ಎಂಬ ತಂತ್ರಾಂಶವೋ ಎಂದು ನೋಡುವ ಒಗಟು) ತೆಗೆಯೋಣ ಎಂದಾಗ ಎದ್ದ ಮೊದಲ ಪ್ರಶ್ನೆ: ಬಾಟ್‌ಗಳು ಒಟಿಪಿ ಕಳಿಸುತ್ತಾ ಹೋದರೆ ಬಿಲ್ ಯಾರು ಕಟ್ಟುವುದು? ಎಸ್‌ಎಂಎಸ್ ಒಂದಕ್ಕೆ ಹದಿನೈದಿಪ್ಪತ್ತು ಪೈಸೆ. ಬೆಳಗಾಗುವುದರೊಳಗೆ ಸಾವಿರಗಟ್ಟಲೆ ರೂಪಾಯಿ ಹೋಗಬಹುದು. ಆದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವ ಕುರುಡ ಸದಸ್ಯರು ಆ ಚಿತ್ರದ ಮುಂದೆಯೇ ನಿಂತುಬಿಡುತ್ತಿದ್ದರು. ಈಗ ಕ್ಯಾಪ್ಚಾ ಇಲ್ಲ, ಬಿಲ್ ಮೊದಲಿನ ಅರ್ಧಕ್ಕಿಂತ ಕಡಿಮೆ.

ಆಡಿಯೋ ಕ್ಯಾಪ್ಚಾ ಹಾಕಿ ಎಂದವರು ಬಹಳ. ಗದ್ದಲದ ನಡುವಿನ ಇಂಗ್ಲಿಷ್ ಅಂಕಿಗಳ ಮೇಲೆ ಸ್ಕ್ರೀನ್ ರೀಡರ್‌ನ ದನಿಯೂ ಬಿದ್ದರೆ ಯಾವುದೂ ಕೇಳಿಸದು. ಬಾಟ್‌ಗೆ ಆ ತೊಂದರೆಯಿಲ್ಲ: 2017ರಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಗೂಗಲ್‌ನ ಆಡಿಯೋ ಕ್ಯಾಪ್ಚಾವನ್ನು ಸುಮಾರು 85% ಸಲ ಭೇದಿಸಿ ತೋರಿಸಿದ್ದರು.

ಹನಿಪಾಟ್ ಫೀಲ್ಡ್, ಅಂದರೆ ಬಾಟ್ ಮಾತ್ರ ತುಂಬಲೆಂದು ಅಡಗಿಸಿಟ್ಟ ಖಾಲಿ ಜಾಗ, ಅಗ್ಗ, ಆದರೆ ಅದನ್ನು ಪರದೆಯಾಚೆ ತಳ್ಳಿದರೆ ಎನ್‌ವಿಡಿಎ ಓದಿಯೇ ಓದುತ್ತದೆ, ಸದಸ್ಯರು ತುಂಬಿಯೇ ತುಂಬುತ್ತಾರೆ. ಏರಿಯಾ-ಹಿಡನ್ (ಸ್ಕ್ರೀನ್ ರೀಡರ್ ಓದದಂತೆ), ಟ್ಯಾಬ್‌ಇಂಡೆಕ್ಸ್ ಮೈನಸ್ ಒಂದು (ಟ್ಯಾಬ್ ಕೀಲಿ ಅಲ್ಲಿ ನಿಲ್ಲದಂತೆ), ಎರಡೂ ಬೇಕು. ಫೀಲ್ಡ್‌ಗೆ ‘ಇಮೇಲ್’ ಅಂತ ಹೆಸರಿಟ್ಟರೆ ಬ್ರೌಸರ್‌ನ ಆಟೋಫಿಲ್ ಅದನ್ನು ತುಂಬಿ ಒಳ್ಳೆಯವರನ್ನೇ ಹೊರಗಿಡುತ್ತದೆ.

ಬಾಟ್ ತಡೆಯುವಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ಪ್ರೂಫ್ ಆಫ್ ವರ್ಕ್: ಒಟಿಪಿ ಕೇಳುವ ಸಾಧನವೇ ಮೊದಲು ಒಂದು ಲೆಕ್ಕ ಬಿಡಿಸಿ ತೋರಿಸಬೇಕು. ಮೊದಲ ಒಟಿಪಿಗೆ ಕಷ್ಟದ ಮಟ್ಟ 16 ಬಿಟ್, ಅಂದರೆ ಸರಾಸರಿ 65 ಸಾವಿರ ಹ್ಯಾಶ್ (ಒಂದೊಂದು ಯತ್ನದ ಲೆಕ್ಕ). ಮರುಕೋರಿಕೆ ಬಂದಂತೆಲ್ಲ ಎರಡೆರಡು ಬಿಟ್ ಏರಿಕೆ, ಅಂದರೆ ನಾಲ್ಕು ಪಟ್ಟು ಕೆಲಸ. ಬ್ರೌಸರ್‌ನ ಕ್ರಿಪ್ಟೋ ಎಪಿಐಯಲ್ಲೇ ಮಾಡಿಸಹೋದರೆ ಒಂದೊಂದು ಹ್ಯಾಶ್‌ಗೂ ಕಾಯುತ್ತಾ ಹಳೆಯ ಫೋನ್ ತೆವಳುತ್ತದೆ. ವೆಬ್‌ಅಸೆಂಬ್ಲಿಯನ್ನು (ಬ್ರೌಸರ್‌ನಲ್ಲಿ ವೇಗವಾಗಿ ಓಡುವ ಕೋಡ್) ವರ್ಕರ್‌ನಲ್ಲಿ, ಅಂದರೆ ಪುಟದ ಹಿನ್ನೆಲೆಯಲ್ಲಿ, ಓಡಿಸಿದರೆ ನಂಬರ್ ಟೈಪಿಸಿ ಮುಗಿಯುವುದರೊಳಗೆ ಮುಗಿದಿರುತ್ತದೆ. ಲೆಕ್ಕ ಬಿಡಿಸಿದ್ದಕ್ಕೆ ಸಿಗುವ ಟೋಕನ್ ಒಂದೇ ಸಲ ನಡೆಯಬೇಕು, ಆದರೆ ಅವಧಿ ಹತ್ತು ನಿಮಿಷವಿರಲಿ. ಕೇಳಿಸಿಕೊಂಡು ತುಂಬುವವರಿಗೆ ಎರಡು ನಿಮಿಷ ಸಾಲದು. ಲೆಕ್ಕ ಎಷ್ಟು ಶೇಕಡಾ ಆಯಿತೆಂದು ಲೈವ್ ರೀಜನ್‌ನಲ್ಲಿ (ಬದಲಾದದ್ದನ್ನು ಸ್ಕ್ರೀನ್ ರೀಡರ್ ತಾನಾಗಿ ಓದುವ ಜಾಗ) ಸಾರುವುದು ಬೇಡ, ಅದು ಟೈಪಿಸುವಾಗಲೇ ನಡುವೆ ಬಾಯಿ ಹಾಕುತ್ತದೆ.

ಐಪಿ ಲೆಕ್ಕದ ಮಿತಿ ನಮ್ಮಲ್ಲಿ ಕೆಲಸಕ್ಕೆ ಬಾರದು: ಮೊಬೈಲ್ ಕಂಪನಿಗಳ ಸಿಜಿ-ನ್ಯಾಟ್ (ಒಂದೇ ಐಪಿ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಒಂದೇ ಐಪಿಯಲ್ಲಿ ನೂರಾರು ಜನ. ಮಿತಿ ಫೋನ್ ನಂಬರಿನ ಮೇಲಿರಲಿ, ಹದಿನೈದು ನಿಮಿಷಕ್ಕೆ ಮೂರು. ಹಣ ಉಳಿಸಿದ್ದು ಮುಖ್ಯವಾಗಿ ಇನ್ನೊಂದು: ಸದಸ್ಯರಲ್ಲದ ನಂಬರಿಗೆ ಎಸ್‌ಎಂಎಸ್ ಹೋಗುವುದೇ ಇಲ್ಲ, ಪುಟ ಮಾತ್ರ ಎಲ್ಲರಿಗೂ ‘ನೋಂದಣಿಯಾಗಿದ್ದರೆ ಒಟಿಪಿ ಬರುತ್ತದೆ’ ಎನ್ನುತ್ತದೆ. ಕಳಿಸುವುದನ್ನು ಕ್ಯೂಗೆ ಹಾಕಿ, ಇಲ್ಲದಿದ್ದರೆ ಉತ್ತರ ಬರುವ ವೇಗದಿಂದಲೇ ಸದಸ್ಯರು ಯಾರೆಂದು ಪತ್ತೆಯಾಗುತ್ತದೆ.

ಇದರ ಮೇಲೆ, ಬಾಟ್ ಇರಬಹುದೇ ಎಂದು ಅಂಕ ಕೊಡುವ ಪದರವೊಂದಿದೆ; ಯಾವ ಲಕ್ಷಣಕ್ಕೆ ಎಷ್ಟು ಅಂಕವೆಂದು ಇಲ್ಲಿ ಬಿಟ್ಟುಕೊಡುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು: ಮೌಸ್ ಅಲುಗಲಿಲ್ಲ ಎಂಬುದನ್ನು ಬಾಟ್‌ನ ಗುರುತಾಗಿ ಹಿಡಿಯಬೇಡಿ. ಕುರುಡರು ಮೌಸ್ ಮುಟ್ಟುವುದಿಲ್ಲ.

ಕನ್ನಡದ ಎಸ್‌ಎಂಎಸ್ ಯುನಿಕೋಡ್, ಹಾಗಾಗಿ ಒಂದಕ್ಕೆ 160 ಅಲ್ಲ, 70 ಅಕ್ಷರ. ‘ಕ್ಷ’ ಒಂದೇ ಮೂರು ಅಕ್ಷರ ನುಂಗುತ್ತದೆ. ಎಪ್ಪತ್ತು ದಾಟಿದರೆ ದುಡ್ಡು ಎರಡರದ್ದು. ಒಟಿಪಿ ಮೊದಲು, ಸಂಘದ ಹೆಸರು ಆಮೇಲೆ ಬರುವಂತೆ ಟೆಂಪ್ಲೇಟ್ ಕುಗ್ಗಿಸಿ ಡಿಎಲ್‌ಟಿಯಲ್ಲಿ (ಸಂಸ್ಥೆಗಳು ಎಸ್‌ಎಂಎಸ್ ಟೆಂಪ್ಲೇಟ್ ನೋಂದಾಯಿಸುವ ವೇದಿಕೆ) ಮತ್ತೆ ಒಪ್ಪಿಗೆ ಪಡೆದದ್ದಾಯಿತು. ಪುಟದಲ್ಲಿ ಆರು ಚೌಕ ಬೇಡ. ಒನ್-ಟೈಮ್-ಕೋಡ್ ಆಟೋಕಂಪ್ಲೀಟ್ (ಬಂದ ಒಟಿಪಿಯನ್ನು ಫೋನೇ ತುಂಬಿಕೊಡುವ ಸೌಲಭ್ಯ) ಇರುವ ಒಂದೇ ಪೆಟ್ಟಿಗೆ, ಪೇಸ್ಟ್‌ಗೆ ತಡೆಯಿಲ್ಲ. ವೆಬ್ ಎಲ್ಲರಿಗೂ ಎಟುಕುವಂತಿರಲೆಂಬ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ 2.2ರ ನಿಯಮ 3.3.8 ಬೇಡುವುದೂ ಇಂಥದ್ದನ್ನೇ.

ಇದೇ ಹೊತ್ತಿಗೆ ಠೇವಣಿ ಫಾರಂನಲ್ಲೂ ಒಂದು ಪ್ರಯೋಗ ಮಾಡಿದೆ. ‘ಅವಧಿ ಮುಗಿದ ಮೇಲೆ ತಾನಾಗಿ ನವೀಕರಿಸು’ ಎಂಬುದಕ್ಕೆ ಮೊದಲೇ ಟಿಕ್ ಹಾಕಿಟ್ಟರೆ ಕಣ್ಣಿದ್ದವರೂ ತೆಗೆಯುವುದಿಲ್ಲ, ಇದು ಅರ್ಥಶಾಸ್ತ್ರದವರಿಗೆ ಹಳೆಯ ವಿಷಯ. ರೇಡಿಯೋ ಬಟನ್‌ನಲ್ಲಿ ಅದಕ್ಕಿಂತ ಕೆಟ್ಟದ್ದೊಂದು ಇದೆ: ಸ್ಕ್ರೀನ್ ರೀಡರ್‌ನ ಫೋಕಸ್ ಮೋಡ್‌ನಲ್ಲಿ (ಫಾರಂ ತುಂಬುವ ಸ್ಥಿತಿ) ಬಾಣದ ಕೀಲಿ ಒತ್ತಿದರೆ ಓದುವುದರ ಜೊತೆಗೆ ಆಯ್ಕೆಯೂ ಬದಲಾಗುತ್ತದೆ. ಒಂದು, ಮೂರು, ಐದು ವರ್ಷ ಎಂದು ಕೇಳುತ್ತಾ ಇಳಿದವರ ಹಣ ಸದ್ದಿಲ್ಲದೆ ಐದು ವರ್ಷಕ್ಕೆ ಕಟ್ಟುಬೀಳುತ್ತದೆ. ಅದಕ್ಕೇ ಅವಧಿ, ಬಡ್ಡಿ, ಕೈಗೆ ಬರುವ ಮೊತ್ತವನ್ನು ಮೊದಲು ಟೇಬಲ್ ಆಗಿ ಇಟ್ಟೆ, ಪ್ರತಿ ಸಾಲಿಗೆ ‘ಮೂರು ವರ್ಷ ಆರಿಸಿ’ ಎಂಬಂಥ ಬಟನ್ ಕೊಟ್ಟೆ. ಆರಿಸಿದ ಅವಧಿಯನ್ನೂ ಮೊತ್ತವನ್ನೂ ದೃಢೀಕರಣ ಪುಟದ ಮೊದಲ ಹೆಡಿಂಗ್‌ನಲ್ಲೇ ಬರೆದು, ಪುಟ ತೆರೆದ ಕೂಡಲೇ ಫೋಕಸ್ ಅಲ್ಲಿಗೇ ಹೋಗುವಂತೆ ಮಾಡಿದ್ದೇನೆ.