ಡ್ರ್ಯಾಗ್ ರೇಸ್ ಕಾರು ರಸ್ತೆಯ ಕಾರಾಗಿಯೂ ಉಳಿಯುವುದು ಹೇಗೆ?

ನೆಟ್ಟಗಿನ ಪಥದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಆದಷ್ಟು ಬೇಗ ಕ್ರಮಿಸುವುದೇ ಡ್ರ್ಯಾಗ್ ರೇಸ್. ಅಮೆರಿಕದಲ್ಲಿ ಇಂಥ ಕಾರು ಕಟ್ಟುವ ಅನೇಕರು ತಮ್ಮದು ‘ಸ್ಟ್ರೀಟ್ ಕಾರು’, ಅಂದರೆ ರಸ್ತೆಯಲ್ಲಿ ಓಡಿಸಬಲ್ಲ ಕಾರು, ಎನ್ನುತ್ತಾರೆ. ಆದರೆ ಟ್ರೇಲರ್ ಮೇಲೆ ಬಂದು, ಹತ್ತು ಸೆಕೆಂಡು ಓಡಿ, ಮತ್ತೆ ಟ್ರೇಲರ್ ಏರುವ ಕಾರಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಆ ಹೆಸರು ಸಲ್ಲದು. ಹಾಟ್ ರಾಡ್ ಪತ್ರಿಕೆ 2005ರಲ್ಲಿ ಆರಂಭಿಸಿದ ‘ಡ್ರ್ಯಾಗ್ ವೀಕ್’ ಈ ಮಾತನ್ನು ಪರೀಕ್ಷೆಗೆ ಒಡ್ಡಿತು: ಐದು ದಿನ ರೇಸ್, ನಡುನಡುವೆ ಸಾರ್ವಜನಿಕ ರಸ್ತೆಯಲ್ಲಿ ಒಟ್ಟು ಸುಮಾರು 1,000 ಮೈಲಿ ಪ್ರಯಾಣ. ಅದಕ್ಕೆ ಕಾರನ್ನು ಅಣಿಗೊಳಿಸುವ ಕ್ರಮ ಹೀಗಿದೆ.

ಮೊದಲು ಕಾಗದಪತ್ರ. ನೋಂದಣಿ, ವಿಮೆ, ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲವೂ ಸರಿಯಿರಬೇಕು. (ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಬಿಗಿಯಾದ ಮಿತಿ ಹಾಕಿರುವುದರಿಂದ ಇದನ್ನು ಇಲ್ಲಿ ಅನುಕರಿಸಲು ಹೊರಡಬಾರದು.)

ಎರಡನೆಯದಾಗಿ ಎಂಜಿನ್ನಿನ ಬಿಸಿ. ಹೆಚ್ಚಿನ ಕಾರುಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ರೇಸಿಗೆಂದೇ ಕಟ್ಟಿದ ಕೆಲವು ಎಂಜಿನ್‌ಗಳಲ್ಲಿ ಬ್ಲಾಕಿಗೆ ಬಲ ಬರಲೆಂದು ನೀರು ಹರಿಯುವ ದಾರಿಗಳಿಗೇ ಗಾರೆ ತುಂಬಿರುತ್ತಾರೆ. ಕೆಲವು ಸೆಕೆಂಡಿನ ಓಟಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತಾಗ ಗಾಳಿಯೂ ಬೀಸದೆ, ತಾಪದ ಮುಳ್ಳು ನೋಡನೋಡುತ್ತಲೇ ಮೇಲೇರತೊಡಗುತ್ತದೆ. ಆದ್ದರಿಂದ ದೊಡ್ಡ ರೇಡಿಯೇಟರ್, ಬಲವಾದ ವಿದ್ಯುತ್ ಫ್ಯಾನ್, ಆ ಫ್ಯಾನ್ ಮತ್ತು ಪಂಪುಗಳನ್ನು ಗಂಟೆಗಟ್ಟಲೆ ನಡೆಸಬಲ್ಲ ಆಲ್ಟರ್ನೇಟರ್ (ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸುವ ಯಂತ್ರ), ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್ ಇವನ್ನು ಅಳವಡಿಸಬೇಕು. ದಾರಿಯ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿಯೂ ಎಂಜಿನ್ ಬಡಿತವಿಲ್ಲದೆ ನಡೆಯುವಂತೆ ಇನ್ನೊಂದು ಟ್ಯೂನ್ (ಎಂಜಿನ್ ಹೊಂದಾಣಿಕೆ) ಇಟ್ಟುಕೊಳ್ಳುವುದು ಜಾಣತನ.

ಮೂರನೆಯದು ಗೇರ್. ಹಿಂದಿನ ಆಕ್ಸಲ್‌ನಲ್ಲಿ 4.10 ಅನುಪಾತವೂ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ದಂಡದ 4.10 ಸುತ್ತು) 28 ಇಂಚಿನ ಟೈರೂ ಇದ್ದರೆ, ಎಂಜಿನ್ನೂ ಆ ದಂಡವೂ ಒಂದೇ ವೇಗದಲ್ಲಿ ತಿರುಗುವ ನೇರ ಗೇರಿನಲ್ಲಿ ಗಂಟೆಗೆ 65 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗಬೇಕಾಗುತ್ತದೆ, ಎಂಜಿನ್ನಿನ ಸುತ್ತು ತಗ್ಗಿಸುವ 0.70ರ ಓವರ್‌ಡ್ರೈವ್ ಗೇರ್ ಜೋಡಿಸಿದರೆ ಅದು ಸುಮಾರು 2,240ಕ್ಕೆ ಇಳಿಯುತ್ತದೆ. ನಾಲ್ಕೈದು ಗಂಟೆಯ ಪ್ರಯಾಣದಲ್ಲಿ ಈ ವ್ಯತ್ಯಾಸ ಎಂಜಿನ್ನಿನ ಆಯುಷ್ಯವನ್ನೇ ಉಳಿಸುತ್ತದೆ.

ಟೈರುಗಳ ವಿಷಯದಲ್ಲಿ ರಾಜಿ ಸಲ್ಲದು. ರೇಸಿನ ಸ್ಲಿಕ್ ಟೈರಿಗೆ ನೀರನ್ನು ಹೊರದೂಡುವ ಗೀರುಗಳಿಲ್ಲ; ಮಳೆಯಲ್ಲಿ ಅದು ಜಾರುತ್ತದೆ. ಓಟ ಮುಗಿದ ಕೂಡಲೇ ಜ್ಯಾಕ್ ಹಾಕಿ, ಸ್ಲಿಕ್ ಕಳಚಿ, ರಸ್ತೆಯ ಟೈರು ತೊಡಿಸಿ ಹೊರಡಬೇಕು. ಕಳಚಿದ ಟೈರು, ಜ್ಯಾಕ್, ಉಪಕರಣ, ಬಿಡಿಭಾಗಗಳೆಲ್ಲ ಆ ಕಾರಿನಲ್ಲಿಯೋ ಅದು ಎಳೆಯುವ ಪುಟ್ಟ ಟ್ರೇಲರ್‌ನಲ್ಲಿಯೋ ಇರಬೇಕೇ ಹೊರತು, ಸಾಮಾನು ಹೊತ್ತು ಹಿಂದೆ ಬರುವ ಸಹಾಯಕ ವಾಹನಕ್ಕೆ ಅವಕಾಶವಿಲ್ಲ.

ಇಷ್ಟಾದರೆ ವೇಗ ಕುಂದುವುದಲ್ಲವೇ ಎಂಬ ಸಂದೇಹಕ್ಕೆ, 2014ರ ಡ್ರ್ಯಾಗ್ ವೀಕ್‌ನಲ್ಲಿ ಲ್ಯಾರಿ ಲಾರ್ಸನ್ ತಮ್ಮ ಷೆವ್ರೊಲೆ ಎಸ್-10 ಪಿಕಪ್‌ನಲ್ಲಿ ಕಾಲು ಮೈಲಿಯನ್ನು 5.95 ಸೆಕೆಂಡಿನಲ್ಲಿ ಮುಗಿಸಿದ್ದೇ ಉತ್ತರ.

ಇನ್ನು ಉಳಿದದ್ದು ಪ್ರತಿದಿನದ ಪಾಲನೆ. ಆ ದಿನದ ಓಟದ ಸಮಯ ನಮೂದಾದ ಚೀಟಿಯನ್ನು ಒಪ್ಪಿಸಿ, ಗೊತ್ತುಪಡಿಸಿದ ಮಾರ್ಗದಲ್ಲಿಯೇ ಸಾಗಿ, ಸೂಚಿಸಿದ ಸ್ಥಳಗಳಲ್ಲಿ ಕಾರಿನ ಫೋಟೊ ತೆಗೆಯಬೇಕು. ದಾರಿಯಲ್ಲಿ ಕೆಟ್ಟರೆ ರಸ್ತೆ ಬದಿಯಲ್ಲಿಯೇ ರಿಪೇರಿ ಮಾಡಿಕೊಂಡು, ಮರುದಿನ ಮುಂದಿನ ಟ್ರ್ಯಾಕಿನ ಗೇಟನ್ನು ಸ್ವಂತ ಚಕ್ರಗಳ ಮೇಲೆಯೇ ದಾಟಬೇಕು.